ಬೀರುವಿನ ಕೆಳತುದಿ

ನಮ್ಮ ಭಾವನನ್ನು ಹೊಗಳದವರಿಲ್ಲ. ಹೊಗಳುವಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಬಂಗಾರದಂಥ ಮನುಷ್ಯ, ತುಂಬಾ ಸಹಕಾರ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಂಗಾರವನ್ನು ಯಾರಾದರೂ ಭಾರದ ಅಡಿಗೆ ಹಾಕಿ ಇಡುತ್ತಾರೆಯೇ? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಬೈಯುತ್ತಾಳೆ. ಇರಲಿ. ಅವಳ ಗಂಡ ಪಡಬೇಕಾದ ಕೋಪವನ್ನೂ ನಾನೇ ಪಟ್ಟುಕೊಂಡು ಬಂದಿದ್ದೇನೆ, ಅದಕ್ಕೆ ಬೇರೆಲ್ಲೂ ಜಾಗ ಸಾಲುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಸಾಮಾನು ಸಾಗಿಸುವ ಮೂವರ ಗ್ಯಾಂಗಿನಲ್ಲಿ ಅವರೊಬ್ಬ ಹಮಾಲಿ. ಬಾಡಿಗೆ ಮನೆ ಬದಲಿಸುವವರಿಗೆ, ಅಂಗಡಿ ಖಾಲಿ ಮಾಡುವವರಿಗೆ, ಜಗಳವಾಡಿ ಬೇರೆಯಾಗುವ ಅಣ್ಣತಮ್ಮಂದಿರಿಗೆ, ಎಲ್ಲರಿಗೂ ಈ ಗ್ಯಾಂಗು ಬೇಕು. ಅದರ ಯಜಮಾನನನ್ನು ದೊಡ್ಡಣ್ಣ ಎನ್ನುತ್ತಾರೆ. ಹುರಿಮೀಸೆ, ಬೀದಿಯ ಆ ಕೊನೆಗೆ ಕೇಳುವಂಥ ಗಂಟಲು. ಮೂರನೆಯವನು ಅವನ ಅಣ್ಣನ ಮಗ. ಹೋದ ಮನೆಯಲ್ಲೆಲ್ಲ ಬಾಗಿಲಿಗೆ ಹಣೆ ಚಚ್ಚಿಕೊಳ್ಳುವಷ್ಟು ಎತ್ತರ, ಹಾಗಾಗಿ ಏಣಿ ಎಂದು ಹೆಸರು. ಭಾವ ಕುಳ್ಳು. ಅಗಲ ಪಾದ, ಗಿಡ್ಡ ಕತ್ತು. ಅವರನ್ನು ಗೂಟ ಎಂದು ಕರೆಯುತ್ತಾರೆ. ಹಾಗೆ ಕರೆದರೆ ಅವರಿಗೆ ಬೇಸರವಿಲ್ಲ, ನನಗಿದೆ.

ಮೆಟ್ಟಿಲ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸಮನೆಲದ ಮೇಲೆ ಒಂದು ಬೀರುವನ್ನು ಮೂವರು ಹೊತ್ತರೆ ಭಾರ ಮೂವರಿಗೂ ಹಂಚಿಹೋಗುತ್ತದೆ. ಮೆಟ್ಟಿಲು ಶುರುವಾದ ಕೂಡಲೇ ಬೀರು ಓರೆಯಾಗುತ್ತದೆ, ಭಾರವೆಲ್ಲ ಜಾರಿಕೊಂಡು ಕೆಳಗಿನವನ ಹೆಗಲಿಗೆ ಬರುತ್ತದೆ. ಮೇಲಿನ ಇಬ್ಬರು ಹಗ್ಗ ಹಿಡಿದು ಎಳೆಯುತ್ತಾ ಎಡಕ್ಕೆ, ಬಲಕ್ಕೆ, ಎತ್ತು, ನಿಲ್ಲಿಸು ಎಂದು ಕೂಗುತ್ತಾರೆ. ಕೆಳಗಿನವನು ಕೂಗುವುದಿಲ್ಲ. ಅವನ ಕೆನ್ನೆ ತಗಡಿಗೆ ಒತ್ತಿಕೊಂಡಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತದೆ. ಹಗ್ಗ ಜಾರಿದರೆ ಮೇಲಿನವನಿಗೆ "ಅಯ್ಯೋ" ಎನ್ನಲು ಸಮಯವಿದೆ. ಕೆಳಗಿನವನಿಗೆ ಅಷ್ಟೂ ಸಿಗುವುದಿಲ್ಲ.

ಹಿಂದೆ ಈ ಗ್ಯಾಂಗಿಗೆ ಒಬ್ಬ ಮುದುಕ ಯಜಮಾನನಿದ್ದ. ಅವನ ಕಾಲದಲ್ಲಿ ಒಂದು ಕಟ್ಟಳೆ ನಡೆಯುತ್ತಿತ್ತು: ಈ ಮನೆಗೆ ನೀನು ಕೆಳಗೆ, ಮುಂದಿನ ಮನೆಗೆ ಅವನು, ಅದರ ಮುಂದಿನದಕ್ಕೆ ನಾನು. ಯಜಮಾನನೆಂದು ತನಗೇನೂ ರಿಯಾಯಿತಿ ಇಟ್ಟುಕೊಂಡಿರಲಿಲ್ಲ. ಅವತ್ತು ಕೆಳಗೆ ನಿಂತವನಿಗೆ ಚಹಾದ ಮೊದಲ ಲೋಟ. ಇದಕ್ಕೆ ಯಾರೂ ಸಹಕಾರ ಎಂಬ ದೊಡ್ಡ ಹೆಸರಿಡಲಿಲ್ಲ, ಸರದಿ ಎನ್ನುತ್ತಿದ್ದರು, ಅಷ್ಟೇ.

ಮುದುಕ ತೀರಿಕೊಂಡ ಮೇಲೆ ದೊಡ್ಡಣ್ಣ ಯಜಮಾನನಾದ. ಅವನ ಸರದಿ ಬಂದ ಒಂದು ದಿನ, "ಇವತ್ತೊಂದಿನ ನೀನೇ ನಿಂತ್ಕೊಳೋ" ಎಂದ. ಭಾವ "ಆಯ್ತು ಬಿಡು" ಎಂದು ನಿಂತರು. ಮುಂದಿನ ಮನೆಯಲ್ಲೂ ಇವತ್ತೊಂದಿನ. ಅದರ ಮುಂದಿನ ಮನೆಯಲ್ಲೂ. ಆ ಒಂದು ದಿನ ಎಷ್ಟು ಉದ್ದವಾಯಿತೆಂದರೆ, ಅಷ್ಟರಲ್ಲಿ ಅಕ್ಕನ ಮಗಳು ಶಾಲೆ ಮುಗಿಸಿ, ಮದುವೆಯಾಗಿ, ಒಂದು ಮಗುವನ್ನೂ ಹೆತ್ತಳು. ಏಣಿ ಗ್ಯಾಂಗಿಗೆ ಸೇರಿದ ಮೇಲಂತೂ ಮೇಲೆ ಅವರಿಬ್ಬರು, ಕೆಳಗೆ ಭಾವ ಎಂಬುದು ಕಲ್ಲಿನಲ್ಲಿ ಕೊರೆದ ಹಾಗಾಯಿತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಗೆಂದು ಭಾವನಿಗೆ ಕೆಲಸದ ಮೇಲೆ ಬೇಸರವಿತ್ತೇ? ಇಲ್ಲವೇ ಇಲ್ಲ. ಜನರ ಸಂಸಾರವನ್ನು ಅಡಿಯಿಂದ ನೋಡಿದವರು ಅವರು. ಮಂಚ, ಬೀರು ಎತ್ತಿದಾಗ ಕೆಳಗೆ ಏನೇನು ಸಿಗುತ್ತದೆಂದು ಅವರನ್ನು ಕೇಳಬೇಕು: ಒಂಟಿ ಓಲೆ, ಹಲ್ಲು ಮುರಿದ ಬಾಚಣಿಗೆ, ಹರಿದ ಫೋಟೊದ ಅರ್ಧ, ಎಂದೋ ಕಾಣೆಯಾಗಿ ಕೆಲಸದವಳ ಮೇಲೆ ಅಪವಾದ ತಂದ ಬೆಳ್ಳಿ ಚಮಚ. ಎಲ್ಲವನ್ನೂ ಒರೆಸಿ ಕಿಟಕಿಯ ಮೇಲಿಟ್ಟು ಬರುತ್ತಾರೆ. "ಸಂಸಾರ ಹೇಗಿದೆ ಅಂತ ತಿಳೀಬೇಕಾದ್ರೆ ಹಾಲ್ ನೋಡಬಾರದು, ಮಂಚದ ಕೆಳಗೆ ನೋಡಬೇಕು" ಎಂದು ನನ್ನನ್ನು ನಗಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಅಕ್ಕನ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಡೆದದ್ದು ನನಗೆ ನೆನಪಿದೆ. ಅಕ್ಕ ನಾಚಿಕೊಂಡು ಹಿಂದೆ ಹಿಂದೆ ಓಡುತ್ತಿದ್ದಳು, ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ಇಡೀ ಬೀದಿ ನೋಡಿತ್ತು.

ಈಗ ಆ ಹೆಗಲ ಸ್ಥಿತಿ ಬೇರೆ. ಬಲಗಡೆ ಮೂಳೆಯ ಮೇಲೆ ಚರ್ಮ ದಪ್ಪಗಟ್ಟಿ ಹಿಮ್ಮಡಿಯಂತಾಗಿದೆ. ಕೈ ಕಿವಿಗಿಂತ ಮೇಲೆ ಏಳುವುದಿಲ್ಲ, ಅಂಗಿ ತೊಡಿಸಲು ಅಕ್ಕ ಬೇಕು. ಮೊಮ್ಮಗಳು ಎರಡೂ ಕೈ ಚಾಚಿ "ತಾತಾ, ಮೇಲೆ" ಎಂದರೆ ಭಾವ ನೆಲದ ಮೇಲೆ ಅಂಗಾತ ಮಲಗಿ ಎದೆಯ ಮೇಲೆ ಹತ್ತಿಸಿಕೊಳ್ಳುತ್ತಾರೆ. ಇದೇ ಮೇಲೆ ಎಂದು ಮಗುವನ್ನು ನಂಬಿಸಿದ್ದಾರೆ. ಡಾಕ್ಟರು ಮುಚ್ಚಿಟ್ಟು ಹೇಳಲಿಲ್ಲ. ಕೆಲಸ ಬೇಕಾದರೆ ಮಾಡಿ, ಆದರೆ ದಿನಾ ಅದೇ ಹೆಗಲಿನ ಮೇಲೆ ಭಾರ ಬಿದ್ದರೆ ಮುಂದೆ ಈ ಕೈ ತಟ್ಟೆಯಿಂದ ಬಾಯಿಗೂ ಬರುವುದಿಲ್ಲ ಎಂದುಬಿಟ್ಟರು. ಗ್ಯಾಂಗು ಬಿಟ್ಟರೆ ಈ ವಯಸ್ಸಿನಲ್ಲಿ ಬೇರೆ ಯಾವ ಗ್ಯಾಂಗೂ ಸೇರಿಸಿಕೊಳ್ಳುವುದಿಲ್ಲ. ಬಿಡದಿದ್ದರೆ ಕೈ ಹೋಗುತ್ತದೆ.

ಹಾಗಾಗಿ ಒಂದು ದಿನ ಚಹಾದಂಗಡಿಯ ಬೆಂಚಿನಲ್ಲಿ ಭಾವ ಬಾಯಿ ಬಿಟ್ಟರು. ಅವರಿಗೆ ಬುತ್ತಿ ಕೊಡಲು ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

"ದೊಡ್ಡಣ್ಣ, ಮುಂಚಿನ ಥರ ಸರದಿ ಮಾಡ್ಕೊಳ್ಳೋಣ."

ದೊಡ್ಡಣ್ಣ ಗಟ್ಟಿಯಾಗಿ ನಕ್ಕ. "ಗೂಟಾನ ಎಲ್ಲಾದ್ರೂ ಮೇಲಕ್ಕೆ ಹೊಡೀತಾರೇನೋ? ನಿನ್ನ ಜಾಗ ಕೆಳಗೇ ಕಣೋ."

"ಕೈ ಏಳ್ತಿಲ್ಲ."

"ಏಳದಿದ್ರೆ ಮನೇಲಿ ಕೂತ್ಕೊ, ನಾನು ಬೇರೆಯವರನ್ನ ನೋಡ್ಕೋತೀನಿ. ಇದು ಮೂರು ಜನದ ಕೆಲಸ, ಒಗ್ಗಟ್ಟಿರಬೇಕು. ಒಬ್ಬ ತಕರಾರು ತೆಗೆದ್ರೆ ಎಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ."

ಒಗ್ಗಟ್ಟಂತೆ! ಈ ಪದವನ್ನು ನಾನು ಕೇಳಿದ್ದೆಲ್ಲ ಹಗ್ಗ ಹಿಡಿದವರ ಬಾಯಲ್ಲೇ. ಭಾವ ಲೋಟ ಕೆಳಗಿಟ್ಟರು. ಎಂದಿನ "ಆಯ್ತು ಬಿಡು" ಮಾತ್ರ ಅವತ್ತು ಬರಲಿಲ್ಲ. ಅದನ್ನು ದೊಡ್ಡಣ್ಣ ಗಮನಿಸಲಿಲ್ಲ, ನಾನು ಗಮನಿಸಿದೆ.

ಇನ್ನು ನನ್ನ ವಿಷಯ. ನಾನು ಇಸ್ತ್ರಿ ಮಾಡುವುದು ಒಂದು ನಾಲ್ಕಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಆ ಕಟ್ಟಡಕ್ಕೆ ಲಿಫ್ಟ್ ಇದೆ. ಇದೆ ಎಂದರೆ ಇದೆ ಅಷ್ಟೇ, ಓಡುವುದಿಲ್ಲ. ಅದು ಕೆಟ್ಟಾಗ ಮೇಲಿನ ಮಹಡಿಯವರು, ಎಲ್ಲರೂ ಸೇರಿ ರಿಪೇರಿ ಮಾಡಿಸೋಣ ಎಂದರು. ನಾವು ಹತ್ತುವುದೇ ಇಲ್ಲವಲ್ಲ ಎಂದರು ಕೆಳಗಿನವರು. ಆಮೇಲೆ ಕೆಳಗಿನ ಮನೆಗಳಿಗೆ ಚರಂಡಿ ನೀರು ನುಗ್ಗಿದಾಗ ಅವರು, ಎಲ್ಲರೂ ಸೇರಿ ಸರಿಮಾಡಿಸೋಣ ಎಂದರು. ನಮ್ಮ ಮನೆಗೆ ಬಂದಿಲ್ಲವಲ್ಲ ಎಂದರು ಮೇಲಿನವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರೆಲ್ಲರಿಗೂ ಒಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷರು. ಅವರು ಕೆಟ್ಟ ಲಿಫ್ಟಿನ ಬಾಗಿಲಿಗೇ ಒಂದು ಹಲಗೆ ನೇತುಹಾಕಿಸಿದ್ದಾರೆ: "ದಯವಿಟ್ಟು ಎಲ್ಲರೂ ಸಹಕರಿಸಿ." ಯಾವುದಕ್ಕೆ ಎಂದು ಬರೆದಿಲ್ಲ.

ನೆಲಮಹಡಿಯಲ್ಲಿದ್ದ ಸಂಘದ ಕೋಣೆಯ ಗೋಡೆ ತೇವಗೊಂಡು ಉದುರತೊಡಗಿತು. ಅಲ್ಲಿನ ಕಬ್ಬಿಣದ ಬೀರುವನ್ನು ಮೂರನೆಯ ಮಹಡಿಯಲ್ಲಿರುವ ತಮ್ಮ ಮನೆಗೆ ಸಾಗಿಸಬೇಕೆಂದು ಅಧ್ಯಕ್ಷರು ನಿರ್ಧರಿಸಿದರು. ಕರೆಸಿದ್ದು ದೊಡ್ಡಣ್ಣನ ಗ್ಯಾಂಗನ್ನೇ. ಜನ ಕೆಲಸಕ್ಕೆ ಹೊರಡುವ ಬೆಳಗಿನ ಹೊತ್ತು. ನಾನು ಇದ್ದಿಲು ಊದುತ್ತಾ ಕೂತಿದ್ದೆ, ನನ್ನ ಎದುರಿನಲ್ಲೇ ಮೂವರೂ ಬೀರುವಿಗೆ ಹಗ್ಗ ಬಿಗಿದರು.

ಭಾವ ಬೀರುವನ್ನು ಅಂಗೈಯಿಂದ ಒಮ್ಮೆ ಅಲುಗಿಸಿ ನೋಡಿದರು. "ಇದು ತುಂಬಿದೆ. ಖಾಲಿ ಮಾಡಿಕೊಡಿ ಸಾರ್." ಖಾಲಿ ಮಾಡದ ಬೀರುವನ್ನು ಯಾವ ಗ್ಯಾಂಗೂ ಮೆಟ್ಟಿಲು ಹತ್ತಿಸುವುದಿಲ್ಲ, ಅದು ಈ ಕೆಲಸದ ಮೊದಲ ಪಾಠ.

"ಬೀಗದ ಕೈ ನಮ್ಮ ಮನೆಯವಳ ಹತ್ರ ಇದೆಯಪ್ಪಾ, ಅವಳು ತರಕಾರಿಗೆ ಹೋಗಿದ್ದಾಳೆ" ಎಂದರು ಅ‍ಧ್ಯಕ್ಷರು. "ನನಗೆ ಹತ್ತು ಗಂಟೆಗೆ ಸಭೆ. ಸ್ವಲ್ಪ ಸಹಕರಿಸಿ."

ಭಾವ ದೊಡ್ಡಣ್ಣನ ಮುಖ ನೋಡಿದರು. ದೊಡ್ಡಣ್ಣ ಅಧ್ಯಕ್ಷರ ಮುಖ ನೋಡಿ ಹಲ್ಲು ಬಿಟ್ಟ. "ಪರವಾಗಿಲ್ಲ ಸಾರ್, ನಮ್ಮೋರು ಹೊರ್ತಾರೆ."

ನಮ್ಮೋರು ಎಂದರೆ ಯಾರು ಎಂದು ಮೂವರಿಗೂ ಗೊತ್ತಿತ್ತು. ಭಾವ ಗೋಣಿಚೀಲ ಮಡಿಸಿ ಬಲಹೆಗಲ ಮೇಲಿಟ್ಟು, ಬೀರುವಿನ ಕೆಳತುದಿಗೆ ಹೆಗಲು ಕೊಟ್ಟರು. ಬೀರು ಮೆಟ್ಟಿಲು ಏರತೊಡಗಿತು. ಅಧ್ಯಕ್ಷರು ಎಲ್ಲರಿಗಿಂತ ಮುಂದೆ, ಬರಿಗೈಯಲ್ಲಿ, ಗೋಡೆಗೆ ತಾಗೀತು ಜೋಪಾನ ಎನ್ನುತ್ತಾ ಹತ್ತಿದರು. ದೊಡ್ಡಣ್ಣನ ಎತ್ತು, ನಿಲ್ಲಿಸು ಕೇಳುತ್ತಲೇ ಇತ್ತು. ಬೀರು ಮೊದಲನೆಯ ಮಹಡಿ ದಾಟಿತು. ಅಲ್ಲಿಂದ ಮೇಲಿನ ತಿರುವಿಗೆ ಹೋದಾಗ ದೊಡ್ಡ ಸದ್ದಾಯಿತು. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಸೆರಗು ಸಿಕ್ಕಿಸಿಕೊಂಡು ಓಡಿದೆ.

ಭಾವನಿಗೆ ಏನೂ ಆಗಿರಲಿಲ್ಲ. ಬೀರು ತಿರುವಿನಲ್ಲಿ ನೆಟ್ಟಗೆ ನಿಂತಿತ್ತು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಬಿ, ನಡುವೆ ಬೆಕ್ಕು ನುಸುಳುವಷ್ಟು ಸಂದಿ. ಭಾವ ಈಚೆಗೆ, ದೊಡ್ಡಣ್ಣ, ಏಣಿ, ಅಧ್ಯಕ್ಷರು ಆಚೆಗೆ. ಭಾವ ಗೋಣಿಚೀಲವನ್ನು ಮೆಟ್ಟಿಲ ಮೇಲೆ ಹಾಸಿ ಅದರ ಮೇಲೆ ಕೂತಿದ್ದರು.

"ಏನಾಯ್ತೋ?" ಎಂದು ದೊಡ್ಡಣ್ಣ ಬೀರುವಿನ ಆಚೆಯಿಂದ ಕೂಗಿದ.

"ಏನಾಗಿಲ್ಲ. ಇಳಿಸಿದೆ."

"ಯಾಕೋ?"

"ಇಲ್ಲೀವರೆಗೂ ನಾನು ಹೊತ್ತೆ. ಇಲ್ಲಿಂದ ಕೆಳಗಡೆ ನೀನು ಹಿಡಿ."

ಮೊದಲು ಅವನಿಗೆ ಇದು ತಮಾಷೆ ಎನಿಸಿತು. ನಕ್ಕ. ಆಮೇಲೆ ಬೈದ. ಆಮೇಲೆ ಬೀರುವಿಗೆ ದಬದಬ ಗುದ್ದಿದ. ಭಾವ ಮಿಸುಕಲಿಲ್ಲ. ಬೀರುವಿಗೆ ಗುದ್ದಿದರೆ ಭಾವನಿಗೆ ನೋವಾಗುವುದಿಲ್ಲ ಎಂಬುದು ಅವನಿಗೆ ತಡವಾಗಿ ಹೊಳೆಯಿತು. ದಾಟಿ ಬರಬೇಕೆಂದರೆ ಕಂಬಿ ಹತ್ತಿ ಇಳಿಯಬೇಕಿತ್ತು, ಅವನು ಆ ಗೋಜಿಗೆ ಹೋಗಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೆಳಗಿನವನು ಅವನ ಕೈಗೆ ಸಿಗದ ಹಾಗೆ ಕೂತಿದ್ದ.

ಅಷ್ಟರಲ್ಲಿ ಜನ ಸೇರಿದರು. ಆಚೆಗೆ ಕೆಲಸಕ್ಕೆ ಇಳಿಯುವವರು, ಈಚೆಗೆ ಮನೆಗೆ ಹತ್ತುವವರು. ಎರಡನೆಯ ಮಹಡಿಯ ಹೆಲ್ಮೆಟ್ಟಿನವನು, ಲೇಟಾದರೆ ತನ್ನ ಸಂಬಳ ಯಾರು ಕೊಡುತ್ತಾರೆ ಎಂದು ಬೀರುವನ್ನೇ ಕೇಳಿದ. ಗ್ಯಾಸ್ ಸಿಲಿಂಡರ್ ಹೊತ್ತು ಬಂದ ಗಟ್ಟಿಮುಟ್ಟಾದ ಆಳೊಬ್ಬ ಭಾವನನ್ನು, ಬೀರುವನ್ನು ಒಮ್ಮೆ ನೋಡಿದ. ಏನಾಗಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಸಿಲಿಂಡರ್ ಇಳಿಸಿ ಪಕ್ಕದಲ್ಲಿ ಕೂತುಬಿಟ್ಟ. "ಎಷ್ಟೊತ್ತಾದ್ರೂ ಕೂರಣ್ಣ. ನನಗೂ ಒಂದು ನೆಪ ಬೇಕಿತ್ತು" ಎಂದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಜನ ಸೇರಿದ್ದು ಕಂಡರೆ ಅವರಿಗೆ ಭಾಷಣ ಬರುತ್ತದೆ, ಕೆಲವರಿಗೆ ಧೂಳು ಕಂಡರೆ ಸೀನು ಬರುವ ಹಾಗೆ. "ನೋಡಪ್ಪಾ, ಸಮಾಜ ನಿಂತಿರೋದೇ ಸಹಕಾರದ ಮೇಲೆ. ಇರುವೆಗಳನ್ನ ನೋಡು. ತಮಗಿಂತ ದೊಡ್ಡ ಕಾಳನ್ನ ಎಷ್ಟು ಚೆನ್ನಾಗಿ ಸೇರಿ ಸಾಗಿಸ್ತವೆ! ನಿನ್ನ ಥರ ಒಂದು ಇರುವೆ ಕೂತುಬಿಟ್ರೆ?"

"ಮುಂದೆ ಬರಿಗೈಲಿ ನಡೆಯೋ ಇರುವೇನ ನಾನು ನೋಡಿಲ್ಲ ಸಾರ್" ಎಂದರು ಭಾವ.

ಸಿಲಿಂಡರಿನವನು ಕಿಸಕ್ಕೆಂದ. ನನಗೆ ಭಾವನ ಬಾಯಲ್ಲಿ ಈ ಮಾತು ಕೇಳಿ ಕಿವಿ ತಂಪಾಯಿತು. ಆದರೆ ಆಚೆಗಿನ ಜನಕ್ಕೆ ನಗು ಬರಲಿಲ್ಲ. ಸದ್ದು ಕೇಳಿ ಬಂದ ಕೆಳಗಿನ ಮನೆಯವರೂ ಸೇರಿ ಒಬ್ಬೊಬ್ಬರಾಗಿ ಬುದ್ಧಿ ಹೇಳತೊಡಗಿದರು. ಒಳ್ಳೆಯವರು ಅಂದುಕೊಂಡಿದ್ದೆವಲ್ಲ. ಇಷ್ಟು ದಿನ ಮಾಡಿದ್ದೀರಿ, ಇವತ್ತೇನು ಬಂತು. ನಾಲ್ಕು ಜನಕ್ಕೆ ತೊಂದರೆ ಆಗುವಾಗ ಒಬ್ಬರು ಅನುಸರಿಸಿಕೊಂಡು ಹೋಗಬೇಕಪ್ಪ. ಲಿಫ್ಟಿಗೆ ಕೈ ಜೋಡಿಸದವರು, ಚರಂಡಿಗೆ ಕೈ ಜೋಡಿಸದವರು, ಇಬ್ಬರೂ ಒಂದೇ ರಾಗದಲ್ಲಿ ಹಾಡುತ್ತಿದ್ದರು. ಆ ಕಟ್ಟಡದಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಅಧ್ಯಕ್ಷರಿಗೆ ಸಂದಿಯಲ್ಲಿ ನಾನು ಕಂಡೆ. "ಏನಮ್ಮಾ, ನೀನಾದ್ರೂ ನಿಮ್ಮ ಭಾವಂಗೆ ಹೇಳು. ಮೆಟ್ಟಿಲ ಕೆಳಗಿನ ಜಾಗ ನಿನಗೆ ಸಂಘದ ದಯೆಯಿಂದ ಸಿಕ್ಕಿರೋದು, ಮರೀಬೇಡ."

"ದಯೆ ವಾಪಸ್ ತಗೊಳ್ಳಿ ಸಾರ್" ಎಂದೆ. "ಹಂಗೇ ನಿಮ್ಮ ಬಟ್ಟೆ ಗಂಟೂ ತಗೊಂಡು ಹೋಗಿ, ಮುದುರಿದ ಅಂಗೀಲೇ ಸಭೆ ಮಾಡಿ. ನಮ್ಮ ಭಾವಂಗೆ ಹೇಳೋಕೆ ನನ್ನ ಹತ್ರ ಒಂದೇ ಮಾತಿರೋದು, ಏಳಬೇಡಿ ಅಂತ."

ಹೇಳಿದ ಮೇಲೆ ಜಾಗ ಹೋದೀತೆಂಬ ಭಯವಾಯಿತು, ನಿಜ. ಆದರೂ ಹೇಳಿದ್ದಕ್ಕೆ ಖುಷಿಯಾಯಿತು.

ಆಗ ಅಧ್ಯಕ್ಷರ ಹೆಂಡತಿ ತರಕಾರಿ ಚೀಲದೊಂದಿಗೆ ಏದುಸಿರು ಬಿಡುತ್ತಾ ಕೆಳಗಿನಿಂದ ಬಂದರು. ವಿಷಯ ತಿಳಿದು, ಸೊಂಟದಿಂದ ಬೀಗದ ಕೈ ತೆಗೆದರು. "ರೀ, ಇದರ ತುಂಬ ಇರೋದು ನಿಮ್ಮ ಲಿಫ್ಟಿನ ಫೈಲುಗಳೇ ಅಲ್ವಾ? ಬೀಗ ತೆಗೆದು ಈಚೆ ಹಾಕಿ. ಇಷ್ಟು ಜನ ನಿಂತಿದ್ದಾರಲ್ಲ, ಒಬ್ಬೊಬ್ಬರು ಒಂದೊಂದು ಕಟ್ಟು ಎತ್ಕೊಂಡ್ರೆ ಮುಗೀತು."

ಹೆಲ್ಮೆಟ್ಟಿನವನು ಗಡಿಯಾರ ನೋಡಿಕೊಂಡ. ಒಬ್ಬರಿಗೆ ಸೊಂಟನೋವಿತ್ತು, ಇನ್ನೊಬ್ಬರಿಗೆ ಧೂಳು ಆಗುತ್ತಿರಲಿಲ್ಲ. ಸಂಘದ ಕಾಗದಗಳು ಹಂಗೆಲ್ಲ ಕೈ ಬದಲಾಗಬಾರದು ಎಂದರು ಅಧ್ಯಕ್ಷರು.

ಭಾವ ಎದ್ದು ನಿಂತರು. "ಬೇಡಮ್ಮ, ಯಾರಿಗೂ ತೊಂದರೆ ಬೇಡ. ತುಂಬಿದ್ದನ್ನೇ ಸಾಗಿಸೋಣ. ಕೆಳಗೆ ಮಾತ್ರ ನಾನಲ್ಲ, ನನ್ನ ಕೈ ಏಳ್ತಿಲ್ಲ."

"ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ!" ದೊಡ್ಡಣ್ಣನ ಕೂಗಿಗೆ ಕಂಬಿ ಅದುರಿತು.

ನಾನು ಭಾವನ ಮುಖ ನೋಡಿದೆ. ಈ ಮಾತಿಗೆ ಹೆದರಿಯೇ ಅವರು ಇಷ್ಟು ವರ್ಷ ಹೆಗಲು ಕೊಟ್ಟಿದ್ದು. "ನಾಳೇದು ನಾಳೆ" ಎಂದರು. "ಇವತ್ತಿನದು ಹೇಳು. ಯಾರು ಹಿಡೀತೀರಾ ಕೆಳಗೆ?"

"ಆ ಉದ್ದದವನು ಇಳೀಲಿ ಬಿಡ್ರೀ, ರಗಳೆ ಮುಗೀಲಿ" ಎಂದರು ಆಚೆಯಿಂದ ಯಾರೋ.

"ಅವನು ಇಲ್ಲೇ ಇರಬೇಕು" ಎಂದ ದೊಡ್ಡಣ್ಣ ತಟ್ಟನೆ. ದನಿ ಬೇರೆಯಾಗಿತ್ತು.

ಆಗ ಮಾತಾಡಿದ್ದು ಏಣಿ. ಅವನು ಮಾತಾಡಿದ್ದನ್ನೇ ನಾನು ಹೆಚ್ಚು ಕೇಳಿರಲಿಲ್ಲ. "ಚಿಕ್ಕಪ್ಪಂಗೆ ಮಂಡಿ ಹೋಗಿದೆ. ಮೆಟ್ಟಿಲ ಮೇಲೆ ಭಾರ ತಡೆಯಲ್ಲ. ಮೇಲ್ಗಡೆ ಎರಡೂ ಹಗ್ಗ ನಾನೇ ಎಳೆಯೋದು, ಅವರು ಸುಮ್ನೆ ಕೈ ಹಚ್ಚಿರ್ತಾರೆ, ಕೂಗ್ತಾರೆ. ನಾನು ಕೆಳಗೆ ಬಂದ್ರೆ ಗೊತ್ತಾಗಿಬಿಡುತ್ತೆ ಅಂತ..."

"ಬಾಯಿ ಮುಚ್ಚೋ!" ಎಂದ ದೊಡ್ಡಣ್ಣ. ಯಾರಿಗೆ ಮಂಡಿ ಹೋಗಿರೋದು, ತೋರಿಸ್ತೀನಿ ಎಂದು ಕಂಬಿ ಹತ್ತಿ ಈಚೆಯ ಮೆಟ್ಟಿಲಿಗೆ ಇಳಿಯಲು ಹೊರಟ. ಒಂದು ಕಾಲು ದಾಟಿತು. ಅದರ ಮೇಲೆ ಮೈಭಾರ ಬಿಟ್ಟ ಕೂಡಲೇ ಮಂಡಿ ಗಡಗಡ ನಡುಗಿ ಮಡಿಸಿಕೊಂಡಿತು. ಏಣಿ ಕಂಕುಳಿಗೆ ಕೈ ಹಾಕಿ ಆಚೆಗೇ ಎಳೆದುಕೊಳ್ಳದಿದ್ದರೆ ನೇರ ಕೆಳಗೆ ಬೀಳುತ್ತಿದ್ದ.

"ಪಾಪ" ಎಂದಿತು ಇಡೀ ಮೆಟ್ಟಿಲು. ಅಯ್ಯೋ ಪಾಪ, ಎಷ್ಟು ನೋವು ತಿಂದಿರಬೇಕು. ಹೋಗ್ಲಿ ಬಿಡಪ್ಪಾ, ಅವರಿಗೆ ಆಗಲ್ವಲ್ಲ, ನೀನೇ ಹಿಡಿ, ಸಹಕರಿಸು. ಅದೇ ಜನ, ಅದೇ ಬಾಯಿ. ಭಾವ ಕೈ ಏಳ್ತಿಲ್ಲ ಎಂದದ್ದನ್ನು ಇವರೇ ಕಿವಿಯಾರೆ ಕೇಳಿದ್ದರು. ಒಬ್ಬರ ಬಾಯಿಂದಲೂ ಒಂದು ಪಾಪ ಬಿದ್ದಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಏನೋ ಹೇಳಲು ಬಾಯಿ ತೆರೆದೆ. ಭಾವ ನನ್ನ ಕಡೆ ತಿರುಗಿ, "ನೀನು ಸುಮ್ನಿರಮ್ಮ, ಇದು ನಂದು" ಎಂದರು.

ಬೀರು ಮತ್ತು ಗೋಡೆಯ ಸಂದಿಯಲ್ಲಿ ದೊಡ್ಡಣ್ಣನ ಮುಖ ಕಾಣಿಸಿತು. ಮುಖವೆಂದರೆ ಒಂದು ಕಣ್ಣು, ಅರ್ಧ ಮೀಸೆ. ಅವನು ಮೊದಲ ಸಲ ಮೆತ್ತಗೆ ಮಾತಾಡಿದ.

"ನನ್ನ ಕೈಲಾಗಲ್ಲ ಕಣೋ. ಮಂಡಿ ಇಲ್ಲದ ಹಮಾಲೀನ ಯಾರು ಕರೀತಾರೆ? ಅದಕ್ಕೇ ಯಾರಿಗೂ ಹೇಳಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಬಹುದಿತ್ತು."

"ಹೇಳಿದ್ದಿದ್ರೆ ನಿನ್ನ ಸರದೀನೂ ನಾನೇ ನಿಲ್ತಿದ್ದೆ. ನಾನು, ಏಣಿ ಹಂಚ್ಕೊಂಡು ಮಾಡ್ತಿದ್ವಿ, ನೀನು ಮೇಲೆ ನಿಂತ್ಕೊಂಡು ಕೂಗ್ತಿದ್ದೆ, ಯಾರಿಗೆ ಗೊತ್ತಾಗ್ತಿತ್ತು? ನೀನು ಕೇಳಲೇ ಇಲ್ಲ. ನಾನು ಕೈ ಏಳಲ್ಲ ಅಂದಾಗ ಗೂಟ ಅಂದೆ."

ಆ ಒಂದು ಕಣ್ಣು ಕೆಳಗಾಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೇಲೆದ್ದಿತು. "ಈಗ ಕೇಳ್ತಿದ್ದೀನಿ. ಇವತ್ತು ನೀನು ಕೆಳಗೆ ಹಿಡೀತೀಯಾ?"

ಅಧ್ಯಕ್ಷರ ಮುಖ ಅರಳಿತು. ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ಹೊರಡಲು ಸಜ್ಜಾದರು. ಇವರು ಒಳ್ಳೆಯ ಮನುಷ್ಯ, ಅವರು ನಯವಾಗಿ ಕೇಳಿದ್ದಾರೆ, ಇನ್ನೇನು ಬೇಕು? ಭಾವ ಒಪ್ಪಿಬಿಡುತ್ತಾರೆ ಎಂದೇ ನಾನೂ ಅಂದುಕೊಂಡೆ.

"ಇಲ್ಲ" ಎಂದರು ಭಾವ.

ಹೆಲ್ಮೆಟ್ಟಿನವನ ಚೀಲ ಅರ್ಧಕ್ಕೇ ನಿಂತಿತು.

"ಕೇಳಿದ್ಯಲ್ಲ, ಅದಕ್ಕೇ ಉತ್ತರ ಹೇಳ್ತಿದ್ದೀನಿ. ಇವತ್ತು ಆಗಲ್ಲ. ನಾಳೆ ಮತ್ತೆ ಕೇಳು, ನಾಳೇದು ನಾಳೆ ಹೇಳ್ತೀನಿ. ದಿನಾ ಕೇಳಬೇಕು."

ದೊಡ್ಡಣ್ಣ ಸಂದಿಯಿಂದ ಮುಖ ತೆಗೆದು, "ಏಣಿ, ಕೆಳಗಿಳಿ" ಎಂದ.

ಏಣಿ ಕಂಬಿ ದಾಟಿ ಒಂದೇ ಹಾರಿಗೆ ಈಚೆ ಬಂದು, ಗೋಣಿಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. ಸಿಲಿಂಡರಿನವನು ಎದ್ದು, "ನಾನೂ ಒಂದು ಕೈ ಹಿಡೀಲೇನಪ್ಪಾ?" ಎಂದು ಕೇಳಿದ. ಏಣಿ ತಲೆಯಾಡಿಸಿದ. ಕೆಳತುದಿಯಲ್ಲಿ ಇಬ್ಬರಿಗೆ ಇಕ್ಕಟ್ಟು, ಆದರೂ ಹಿಡಿಸಿತು. ಇಷ್ಟು ವರ್ಷ ಯಾರೂ ಹಿಡಿಸಿ ನೋಡಿರಲಿಲ್ಲ. ಇಬ್ಬರೂ ಸೇರಿ ಭಾವನನ್ನು ಎತ್ತಿ ಕಂಬಿ ದಾಟಿಸಿದರು. ದೊಡ್ಡಣ್ಣ ಆಚೆಯ ಮೆಟ್ಟಿಲ ಅಂಚಿಗೆ ಸರಿದು ಜಾಗ ಬಿಟ್ಟ.

ಮೇಲೆ ನಿಂತ ಭಾವ ಎಡಗೈಗೆ ಒಂದು ಹಗ್ಗ ಸುತ್ತಿಕೊಂಡರು. ಇನ್ನೊಂದು ಹಗ್ಗ ಮೆಟ್ಟಿಲ ಮೇಲೆ ಬಿದ್ದಿತ್ತು. ಅದನ್ನೆತ್ತಿ ಅಧ್ಯಕ್ಷರ ಕಡೆ ಚಾಚಿದರು. "ಇದನ್ನ ಹಿಡೀತೀರಾ ಸಾರ್?"

"ನಾನಾ?"

"ನಿಮ್ಮ ಬೀರು."

ಅಧ್ಯಕ್ಷರು ಸುತ್ತ ನೋಡಿದರು. ಈಚೆಯಿಂದ ಅವರ ಹೆಂಡತಿ, ಮೇಲಿನ ಮೆಟ್ಟಿಲುಗಳಿಂದ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಆಗಲ್ಲ ಎನ್ನಲು ಅವರಿಗೂ ಅವಕಾಶವಿತ್ತು. ಅವರು ಹಗ್ಗ ಹಿಡಿದರು. ಭಾವ ಒಮ್ಮೆ ಗಂಟಲು ಸರಿಮಾಡಿಕೊಂಡರು. ನಾನು ಅದುವರೆಗೆ ಕೇಳಿರದಷ್ಟು ದೊಡ್ಡ ದನಿಯಲ್ಲಿ, "ಎತ್ತು!" ಎಂದು ಕೂಗಿದರು.